ಮುಂದೆ ಕೂತ ಅಕ್ಷರ

ರುಸ್ತಾವಿಯ ಉಕ್ಕಿನ ಕಾರ್ಖಾನೆಗೆ ಹೊಸ ಕ್ರೇನು ಬಂದಿದೆ.
ಅದರ ಗುಂಡಿಗಳಿಗೆ ನಮ್ಮ ಭಾಷೆ ಬರುವುದಿಲ್ಲ.
ಅಕ್ಟೋಬರಿನೊಳಗೆ ಇಂಗ್ಲಿಷ್ ಕಲಿತರೆ ಮೇಲೆ, ಇಲ್ಲದಿದ್ದರೆ ಕೆಳಗೆ
ಅಂದ ಮೇಸ್ತ್ರಿ. ಹತ್ತೊಂಬತ್ತು ವರ್ಷ
ನೆಲದಿಂದ ಮೂವತ್ತು ಮೀಟರ್ ಎತ್ತರದಲ್ಲಿ ಕೂತವಳು ನಾನು.
ಕೆಳಗಿನ ಕೆಲಸ ನನಗೆ ಒಗ್ಗದು.

ಹಾಗಾಗಿ ಮಂಗಳವಾರ ಸಂಜೆ,
ಮುಚ್ಚಿದ ಸಂಗೀತಶಾಲೆಯ ಎರಡನೇ ಮಹಡಿ,
ಕಾಲು ಮುರಿದ ಪಿಯಾನೋದ ಪಕ್ಕ ಒಂದು ಹಲಗೆ,
ಹಲಗೆಯ ಮುಂದೆ ಖಾತುನಾ. ನನ್ನ ಅರ್ಧ ವಯಸ್ಸು,
ಮೊಣಕೈವರೆಗೂ ಸೀಮೆಸುಣ್ಣ.

ಲೋಡ್. ಇದು ನನಗೆ ಗೊತ್ತು.
ಅನ್‌ಲೋಡ್: ಇಳಿಸು. ಓವರ್‌ಲೋಡ್: ಕೆಂಪು ದೀಪ, ಸೈರನ್ನು,
ಕೆಳಗಿದ್ದವರು ದಿಕ್ಕಾಪಾಲು.
ಪ್ರಾಮಾಣಿಕ ಪದಗಳು. ತೂಕ ಎಷ್ಟೋ ಅಷ್ಟೇ ಹೇಳುತ್ತವೆ.

ನಮ್ಮ ಜಾರ್ಜಿಯನ್ನಿನಲ್ಲೂ ಕ್ರಿಯಾಪದದ ಮುಂದೆ
ಒಂದು ಪುಟ್ಟ ದನಿ ನಿಲ್ಲುತ್ತದೆ, ಚೌಕದ ಪೊಲೀಸನ ಹಾಗೆ:
'ಮಿ' ಅಂದರೆ ಆಚೆ, 'ಮೊ' ಅಂದರೆ ಈಚೆ,
'ಆ' ಮೇಲಕ್ಕೆ, 'ಚಾ' ಕೆಳಕ್ಕೆ.
ಹಾಲುಹಲ್ಲಿನ ಮಗುವೂ ದಾರಿ ತಪ್ಪುವುದಿಲ್ಲ.

ಇಂಗ್ಲಿಷಿನದು ಬೇರೆ ಕತೆ.
ಗಿವ್ ಅಂದರೆ ಕೊಡು. ಅದರ ಮುಂದೆ 'ಫಾರ್' ಬಂದು ಕೂತರೆ
ಫಾರ್‌ಗಿವ್: ಕ್ಷಮಿಸು.
ಗೆಟ್ ಅಂದರೆ ಪಡೆ. ಅದೇ 'ಫಾರ್' ಎದ್ದು ಬಂದು ಇಲ್ಲಿ ಕೂತರೆ
ಫಾರ್‌ಗೆಟ್: ಮರೆ.
ಯಾಕೆ? ಕೇಳಿದ ಬೇಕರಿಯ ಗೊಡೆರ್ಜಿ, ಹುಬ್ಬಲ್ಲಿ ಇನ್ನೂ ಹಿಟ್ಟು.
ಯಾಕೆ ಅಂತ ಕೇಳಬಾರದು, ಅಂದಳು ಖಾತುನಾ.
ಸ್ಟ್ಯಾಂಡ್ ಅಂದರೆ ನಿಲ್ಲು. ಅಂಡರ್‌ಸ್ಟ್ಯಾಂಡ್ ಅಂದರೆ
ಕೆಳಗೆ ನಿಲ್ಲುವುದಲ್ಲ, ಅರ್ಥಮಾಡಿಕೊಳ್ಳುವುದು.
ನನಗೆ ನಗು ಬಂತು.
ಎತ್ತಿದ ಹೊರೆಯ ಕೆಳಗೆ ಒಮ್ಮೆ ನಿಂತು ನೋಡಲಿ,
ಎಲ್ಲ ಅರ್ಥವಾಗುತ್ತದೆ.

ಮನೆಪಾಠ: ಫಾರ್‌ಗಿವ್ ಬಳಸಿ ಒಂದು ವಾಕ್ಯ.
ನಾನು ಬರೆದದ್ದು, ಅಕ್ಕನನ್ನು ಮರೆತಿದ್ದೇನೆ ಅಂತ.
ಖಾತುನಾ ಕೆಂಪು ಪೆನ್ನಿನಲ್ಲಿ ಗೆಟ್ ಹೊಡೆದು ಗಿವ್ ಮಾಡಿದಳು.
ಒಂದೇ ಗೀಟು. ಏಳು ವರ್ಷದಲ್ಲಿ
ಇಬ್ಬರು ಸೋದರಮಾವಂದಿರು, ಒಬ್ಬ ಪಾದ್ರಿ ಸೇರಿ ಮಾಡಲಾರದ್ದು.
ಅಂಚಿನಲ್ಲಿ ಸಣ್ಣಗೆ: ಮಿಸ್ಟೇಕ್.

ಟೇಕ್ ಅಂದರೆ ತಗೋ. ಮೊದಲನೇ ವಾರದ ಪಾಠ.
ಬಸ್ಸಿನ ಮಂಕು ಬೆಳಕಲ್ಲಿ ಆ ಪದವನ್ನು ಬಿಡಿಸಿ ನೋಡಿದೆ:
ತಗೊಳ್ಳಬಾರದ ಹಾಗೆ ತಗೊಂಡದ್ದು.

ಅಮ್ಮನ ನಲವತ್ತನೇ ದಿನದ ಊಟ ಮುಗಿದಿತ್ತು.
ಎತೇರಿ ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಿದ್ದಳು.
ನಾನು ಅಮ್ಮನ ಪೊದೊಲ್ಸ್ಕ್ ಹೊಲಿಗೆಯಂತ್ರವನ್ನು
ಹಳೇ ಕೋಟಿನಲ್ಲಿ ಸುತ್ತಿ ಕಾರಿನ ಡಿಕ್ಕಿಗೆ ಇಳಿಸಿದೆ.
ಕ್ರೇನಿನವಳು. ಸದ್ದಾಗದಂತೆ ಇಳಿಸುವುದು ನನ್ನ ಕಸುಬು.
ಹೊಲಿಗೆ ಬರುತ್ತಿದ್ದುದು ಅವಳಿಗೆ,
ನನಗೆ ಒಂದು ಗುಂಡಿ ಹಚ್ಚಲೂ ಬಾರದು.
ಏಳು ವರ್ಷ ಅದರ ಮೇಲೆ ಮಡಿಸಿದ ಬಟ್ಟೆ ಪೇರಿಸಿದ್ದೇನೆ.

ಮರೆತದ್ದು ಸುಳ್ಳು. ಕ್ಷಮಿಸಬೇಕಾದವಳು ನಾನೆಂಬುದು
ಇನ್ನೂ ದೊಡ್ಡ ಸುಳ್ಳು.
ಪಾಪ, ಕೆಂಪು ಪೆನ್ನಿಗೆ ಹೇಗೆ ಗೊತ್ತಾಗಬೇಕು,
ಆ ವಾಕ್ಯದಲ್ಲಿ ಕ್ರಿಯಾಪದವಲ್ಲ, ಕರ್ತೃವೇ ತಪ್ಪು ಅಂತ.

ನಿನ್ನೆ ರಾತ್ರಿ ಯಂತ್ರಕ್ಕೆ ಎಣ್ಣೆ ಬಿಟ್ಟೆ.
ಚಕ್ರ ಮೊದಲು ಮುನಿಸಿಕೊಂಡಿತು, ಆಮೇಲೆ ತಿರುಗಿತು.
ಸೂಜಿಯ ಕಣ್ಣಲ್ಲಿ ಇನ್ನೂ ಅಮ್ಮನ ನೀಲಿ ದಾರ.

ಈಗ ಬೆಳಿಗ್ಗೆ ಎಂಟು. ಚಿಯಾತುರಾದ ವ್ಯಾನಿನಲ್ಲಿ ಕೂತಿದ್ದೇನೆ.
ಎತೇರಿಗೆ ಒಂದೇ ಪದ ಕಳಿಸಬೇಕು, ನಮ್ಮದೇ ಪದ.
ಮುಂದೆ 'ಮಿ' ಇಟ್ಟರೆ ಹೋಗ್ತಿದ್ದೇನೆ,
'ಮೊ' ಇಟ್ಟರೆ ಬರ್ತಿದ್ದೇನೆ.
'ಮ್' ಒತ್ತಿ ಆಗಿದೆ. ಸ್ವರದ ಮೇಲೆ ಬೆರಳು ತಡೆದು ನಿಂತಿದೆ.

ಡ್ರೈವರು ಕೇಳುತ್ತಿದ್ದಾನೆ: ಕೋಟು ಹೊದ್ದ ಇದಕ್ಕೂ ಸೀಟು ಬೇಕಾ?
ಬೇಕು.
ಕಿಟಕಿ ಪಕ್ಕ.